ಸೆನೆಟ್ ಸಭೆಯಲ್ಲಿ ನಮ್ಮ ಮಕ್ಕಳ ಕುರ್ಚಿ

ಕಾಲೇಜು ಚುನಾವಣೆಯ ದಿನಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನೀನು ಹೋಗುವುದು ಓದಲಿಕ್ಕೆ, ಆ ಗಲಾಟೆ ನಮಗೆ ಬೇಡ." ಹೆತ್ತವರ ಈ ಭಯ ನಿಷ್ಕಾರಣವೆನ್ನುವಂತಿಲ್ಲ. ಘೋಷಣೆ, ಮುಷ್ಕರ, ಹೊಡೆದಾಟಗಳ ಸುದ್ದಿಯನ್ನು ನಾವೂ ಓದುತ್ತೇವೆ. ಆದರೆ ಆ ಗಲಾಟೆಯ ಆಚೆಗೆ, ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯಲ್ಲಿ, ವಿದ್ಯಾರ್ಥಿಗಳಿಗೆಂದು ಇಟ್ಟ ಕುರ್ಚಿಗಳಿವೆ ಎಂಬುದನ್ನು ಮರೆಯುತ್ತೇವೆ.

1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ನಮ್ಮ ಕಡೆಯ ಕಾಲೇಜು ಶಿಕ್ಷಣ ಅದರ ವ್ಯಾಪ್ತಿಗೆ ಬಂತು. 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ರೂಪುಗೊಂಡ ಮೇಲೆ ಕಾಸರಗೋಡು, ಕಣ್ಣೂರು ಜಿಲ್ಲೆಗಳೂ ವಯನಾಡಿನ ಮಾನಂತವಾಡಿ ತಾಲೂಕೂ ಅದಕ್ಕೆ ಸೇರಿದವು. ಅಲ್ಲಿನ ಕ್ರಮ ಹೀಗಿದೆ: ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಯೂನಿಯನಿಗೆ ಪದಾಧಿಕಾರಿಗಳನ್ನು ಆರಿಸುವಾಗಲೇ ವಿಶ್ವವಿದ್ಯಾನಿಲಯ ಯೂನಿಯನಿಗೆ ಕೌನ್ಸಿಲರನ್ನೂ ಆರಿಸುತ್ತಾರೆ. ಎಲ್ಲ ಕಾಲೇಜುಗಳ ಕೌನ್ಸಿಲರುಗಳು ಸೇರಿ ಸೆನೆಟಿಗೆ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕಳುಹಿಸುತ್ತಾರೆ. ವಿಶ್ವವಿದ್ಯಾನಿಲಯದ ಆಯವ್ಯಯ, ವಾರ್ಷಿಕ ವರದಿ ಮುಂತಾದವು ಬರುವುದು ಆ ಸಭೆಯ ಮುಂದೆಯೇ.

ಇದು ಹುಡುಗಾಟಿಕೆಯ ಏರ್ಪಾಡಲ್ಲ. ವಿಶ್ವವಿದ್ಯಾನಿಲಯದ ಆಡಳಿತದಲ್ಲಿ ವಿದ್ಯಾರ್ಥಿಗಳಿಗೂ ಪಾಲಿರಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. ಕಾಲೇಜು ಚುನಾವಣೆಗೆ ಸಂಬಂಧಿಸಿದ ಕೇರಳದ್ದೇ ಒಂದು ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ ಲಿಂಗ್ಡೋ ಸಮಿತಿಯ ನೇಮಕವಾಯಿತು. 2006ರಲ್ಲಿ ಅದರ ಶಿಫಾರಸುಗಳನ್ನು ನ್ಯಾಯಾಲಯ ಅಂಗೀಕರಿಸಿತು. ಅಭ್ಯರ್ಥಿಗೆ ಶೇಕಡಾ 75 ಹಾಜರಿ ಬೇಕು, ಪಾಠಗಳು ಬಾಕಿ ಇರಬಾರದು, ಖರ್ಚು 5,000 ರೂಪಾಯಿ ಮೀರಬಾರದು ಎಂದು ಅದು ವಿಧಿಸಿತು. ಓದು ಬಿಟ್ಟವನಿಗಲ್ಲ, ಓದುವವನಿಗೇ ಈ ಕುರ್ಚಿ ಎಂಬುದು ಇದರ ತಾತ್ಪರ್ಯ.

ನಮಗೆ ಇದರಿಂದೇನು ಎಂದು ಕೇಳಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಹುಡುಗಿಯೊಬ್ಬಳು ಕಾಲೇಜು ಸೇರಿ, ಮಲಯಾಳದಲ್ಲಿ ಮಾತ್ರ ಹಚ್ಚಿದ ನೋಟೀಸಿನ ಮುಂದೆ ನಿಂತು ಗೆಳತಿಯ ಮುಖ ನೋಡುವ ಪ್ರಸಂಗ ನಮ್ಮಲ್ಲಿ ಹೊಸತಲ್ಲ. ಎರಡನೆಯ ಭಾಷೆಯಾಗಿ ಕನ್ನಡ ಆರಿಸಿಕೊಳ್ಳುವವರಿಗೆ ಅಧ್ಯಾಪಕರಿದ್ದಾರೆಯೇ, ಪಠ್ಯಪುಸ್ತಕ ಸಮಯಕ್ಕೆ ಸಿಗುವುದೇ ಎಂಬ ಚಿಂತೆಯೂ ಹಳೆಯದೇ. ಇವನ್ನು ನಾವು ಅಂಗಡಿ ಜಗಲಿಯಲ್ಲಿ ಆಡಿಕೊಂಡರೆ ಅಲ್ಲೇ ಇಂಗುತ್ತವೆ. ಸಭೆಯಲ್ಲಿ ಕೇಳಿದರೆ ನಡಾವಳಿಯಲ್ಲಿ ದಾಖಲಾಗುತ್ತವೆ, ಯಾರಾದರೊಬ್ಬರು ಉತ್ತರ ಹೇಳಲೇಬೇಕಾಗುತ್ತದೆ.

ವಿದ್ಯಾರ್ಥಿ ಪ್ರತಿನಿಧಿಗಳು ಸೆನೆಟಿನಲ್ಲಿ ಅಲ್ಪಸಂಖ್ಯಾತರೇ. ಪಠ್ಯಕ್ರಮ ಸಿದ್ಧವಾಗುವುದು ಅಧ್ಯಯನ ಮಂಡಳಿಗಳಲ್ಲಿ. ಪಕ್ಷಗಳ ನೆರಳೂ ಇದ್ದೇ ಇದೆ. ಆದ್ದರಿಂದ ಒಂದು ಕುರ್ಚಿ ದೊರೆತರೆ ಎಲ್ಲವೂ ಸರಿಹೋದೀತೆಂದು ನಾವು ಹೇಳುವುದಿಲ್ಲ. ಆದರೆ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ, ಸಂಖ್ಯೆ ಕಡಿಮೆಯಾದಾಗ ಮಾತಿಗೆ ಎಷ್ಟು ಬೆಲೆಯೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೂತವನು ಕನ್ನಡಿಗನೇ ಆಗಬೇಕೆಂದೂ ಇಲ್ಲ. ನಮ್ಮ ಕಷ್ಟ ಬಲ್ಲ ಮಲಯಾಳಿ ಮಿತ್ರನೂ ಅದನ್ನು ಎತ್ತಬಲ್ಲ. ತಿಳಿಸುವ ಕೆಲಸ ಮಾತ್ರ ನಮ್ಮದು. ಈ ಬಾರಿ ಯಾವ ಬಾವುಟ ಹಿಡಿದವರೇ ಮತ ಕೇಳಲು ಬರಲಿ, "ಕನ್ನಡದ ಮಕ್ಕಳ ಮಾತು ಎತ್ತುತ್ತೀರಾ?" ಎಂದು ಕೇಳಲು ಮಕ್ಕಳಿಗೆ ಹೇಳೋಣ. ಮನೆಯ ಮಗಳೇ ಸ್ಪರ್ಧಿಸುತ್ತೇನೆಂದರೆ, ಬೇಡವೆನ್ನುವ ಮೊದಲು ಒಂದು ಗಳಿಗೆ ಯೋಚಿಸೋಣ.