ಅರವತ್ತೇಳನೆಯ ಮನೆಯ ಲೆಕ್ಕ

ಚದುರಂಗದ ಮಣೆಯ ಕಥೆ ನಿಮಗೆ ಗೊತ್ತೇ ಇದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ 64 ಮನೆಗಳನ್ನು ತುಂಬಲು ಹೊರಟ ರಾಜನ ಕಣಜವೇ ಬರಿದಾಯಿತು. ಮಣೆಯಲ್ಲಿ 67 ಮನೆಗಳಿದ್ದಿದ್ದರೆ? ಆಗ ಬೇಕಾಗುವ ಒಟ್ಟು ಕಾಳುಗಳು 2ರ 67ನೇ ಘಾತಕ್ಕಿಂತ ಒಂದು ಕಡಿಮೆ. ಬಿಡಿಸಿ ಬರೆದರೆ 21 ಅಂಕಿಗಳು:

14,75,73,95,25,89,67,64,12,927

ಈ ಸಂಖ್ಯೆ ಅವಿಭಾಜ್ಯವೇ? ಅಂದರೆ, 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲವೇ? 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಹೌದೆಂದ. 2ರ ಯಾವ ಘಾತಗಳಿಂದ ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆಂದು 257ರವರೆಗೆ ಪಟ್ಟಿ ಮಾಡಿ, ಅದರಲ್ಲಿ 67ನ್ನೂ ಸೇರಿಸಿದ. ಅಷ್ಟು ದೊಡ್ಡ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸುವ ದಾರಿ ಆಗ ಇರಲಿಲ್ಲ. 1876ರಲ್ಲಿ ಅದೇ ದೇಶದ ಲ್ಯೂಕಾ, ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ತೋರಿಸಿದ. ಸೋಜಿಗವೆಂದರೆ, ಅದು ಯಾವುದರಿಂದ ಭಾಗವಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ!

ಇದು ಹೇಗೆ ಸಾಧ್ಯ? ಚಿಕ್ಕ ಉದಾಹರಣೆ ನೋಡಿ. 7 ಅವಿಭಾಜ್ಯ. 2ನ್ನು ಆರು ಸಲ ಗುಣಿಸಿದರೆ 64. ಅದನ್ನು 7ರಿಂದ ಭಾಗಿಸಿದರೆ ಶೇಷ 1. ಬೆಸ ಅವಿಭಾಜ್ಯ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಸಲ 2ನ್ನು ಗುಣಿಸಿ ಅದರಿಂದಲೇ ಭಾಗಿಸಿದರೆ ಶೇಷ 1 ಬರಲೇಬೇಕು. ಇದು ಫರ್ಮಾನ ನಿಯಮ. ಈಗ 9ನ್ನು ತೆಗೆದುಕೊಳ್ಳಿ. 2ನ್ನು ಎಂಟು ಸಲ ಗುಣಿಸಿದರೆ 256. 9ರಿಂದ ಭಾಗಿಸಿದರೆ ಶೇಷ 4. ಅಲ್ಲಿಗೆ 9 ಸಿಕ್ಕಿಬಿದ್ದಿತು. ಮೂರರ ಮಗ್ಗಿ ಬೇಕಾಗಲೇ ಇಲ್ಲ. ಲ್ಯೂಕಾನ ಪರೀಕ್ಷೆ ಇದಕ್ಕಿಂತ ಬೇರೆ, ಆದರೆ ಜಾಡು ಇದೇ.

ಕಳ್ಳತನವಾಗಿರುವುದು ಖಚಿತ, ಕಳ್ಳ ಮಾತ್ರ ಸಿಕ್ಕಿಲ್ಲ! ಅವನನ್ನು ಹಿಡಿದವನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಕೋಲ್ ಮಾತಿಲ್ಲದೆ ಕರಿಹಲಗೆಯ ಬಳಿ ಹೋಗಿ 2ರ 67ನೇ ಘಾತವನ್ನು ಲೆಕ್ಕ ಹಾಕಿ ಒಂದು ಕಳೆದ. ಪಕ್ಕದಲ್ಲಿ 19,37,07,721ನ್ನು 7,61,83,82,57,287ರಿಂದ ಗುಣಿಸಿದ. ಎರಡೂ ಉತ್ತರ ಒಂದೇ. ಹಾಗೆಯೇ ಬಂದು ಕುಳಿತ. ಸಭೆ ಚಪ್ಪಾಳೆ ತಟ್ಟಿತು. ಇದನ್ನು ಹುಡುಕಲು ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದನಂತೆ. ಹೀಗೆ ಬರೆದವನು ಇ. ಟಿ. ಬೆಲ್. ಬೆಲ್ಲನ ಕಥೆಗಳಿಗೆ ತುಸು ಒಗ್ಗರಣೆ ಬಿದ್ದಿರುತ್ತದೆ. ಗುಣಾಕಾರ ಮಾತ್ರ ಅಪ್ಪಟ.

ಕೋಲ್ ಕುರುಡಾಗಿ ಹುಡುಕಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 134ರಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. 135, 269, 403 ಎಂದು ಸಾಗುವ ಆ ಸಾಲಿನಲ್ಲೇ ಹುಡುಕಿದರೂ 19,37,07,721 ಬರುವುದು 14,45,580ನೆಯದಾಗಿ! ಬೇರೆ ಜರಡಿಗಳನ್ನೂ ಹಿಡಿಯದೆ ವಿಧಿಯಿರಲಿಲ್ಲ.

ಇಂದಿನ ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಆದರೆ ನೂರಾರು ಅಂಕಿಗಳ ಸಂಖ್ಯೆಯಾದರೆ ಅದೂ ಸೋಲುತ್ತದೆ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದ ಗುಪ್ತಲಿಪಿಯ ಬೀಗ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಕೋಲ್‌ನ ಗುಣಾಕಾರವನ್ನು ಈ ಭಾನುವಾರ ನೀವೂ ಮಾಡಿ ನೋಡಬಹುದು. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 21 ಅಂಕಿ ಹಿಡಿಸುವುದಿಲ್ಲ, ಕಾಗದವೇ ಬೇಕು. ಮಕ್ಕಳು ಗುಣಿಸಲಿ, ಅಪ್ಪ ಅಮ್ಮ ದಶಕ ನೋಡಿಕೊಳ್ಳಲಿ.