ನಾದದ ಪೆಟ್ಟಿಗೆ ಮೂಕವಾದಾಗ

ಹಿಂದೆ ಹಾಡುವವರ ಹೆಗಲಿಗೆ ತಂಬೂರಿ ಒರಗಿರುತ್ತಿತ್ತು. ತಂತಿ ಹರಿದರೆ ಹಾಡುವವರೇ ಹೊಸ ತಂತಿ ಬಿಗಿಯುತ್ತಿದ್ದರು. ಸೋರೆಬುರುಡೆ ಬಿರುಕುಬಿಟ್ಟರೆ ಉತ್ತರ ಕರ್ನಾಟಕದವರು ಮಿರಜಿಗೆ ಒಯ್ಯುತ್ತಿದ್ದರು. ತಲೆತಲಾಂತರದಿಂದ ತಂತಿವಾದ್ಯಗಳನ್ನು ಮಾಡುತ್ತ ಬಂದಿರುವ ಆ ಊರಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ವಾದ್ಯ ಕೆಟ್ಟರೆ ಯಾರ ಬಳಿಗೆ ಹೋಗಬೇಕೆಂಬುದು ಆಗ ಎಲ್ಲರಿಗೂ ತಿಳಿದ ಮಾತಾಗಿತ್ತು.

ಇಂದಿನ ಸ್ಥಿತಿ ಬೇರೆ. 1979ರಲ್ಲಿ ಬೆಂಗಳೂರಿನ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಶ್ರುತಿಯು ಪುಟ್ಟ ಪೆಟ್ಟಿಗೆಯೊಳಗೆ ನೆಲೆಸಿತು. ಶ್ರುತಿಪೆಟ್ಟಿಗೆ, ತಾಳದ ಪೆಟ್ಟಿಗೆ, ಕೀಬೋರ್ಡ್, ಆಂಪ್ಲಿಫೈಯರುಗಳು ಇಂದು ವಚನಗಾಯನದ ಮನೆಗಳಲ್ಲೂ ಭಜನಾ ಮೇಳಗಳಲ್ಲೂ ಸಾಮಾನ್ಯವಾಗಿವೆ. ಆದರೆ ಶ್ರಾವಣದ ನಡುವೆ ಪೆಟ್ಟಿಗೆ ಮೂಕವಾದರೆ ಯಾರನ್ನು ನಂಬಬೇಕೆಂಬುದು ಅನೇಕ ಕುಟುಂಬಗಳಿಗೆ ತಿಳಿಯದು. ಕೀಬೋರ್ಡನ್ನೇ ನಂಬಿ ಮಕ್ಕಳಿಗೆ ಪಾಠ ಹೇಳಿ ಬದುಕುವ ಸಂಗೀತ ಶಿಕ್ಷಕರಿಗಂತೂ ಇದು ಅನ್ನದ ಪ್ರಶ್ನೆ.

ಕೆಡುವುದು ಬಹುಪಾಲು ಸಣ್ಣದೇ

ದೋಷಗಳಲ್ಲಿ ಹೆಚ್ಚಿನವು ಪೆಟ್ಟಿಗೆಯ ಹೃದಯದಲ್ಲಿರದೆ ಅದರ ಬಾಗಿಲಲ್ಲಿರುತ್ತವೆ. ತಿಂಗಳುಗಟ್ಟಲೆ ಬಳಸದೆ ಇಟ್ಟಾಗ ಸೆಲ್ಲುಗಳು ಸೋರಿ, ಆ ರಸ ಸ್ಪ್ರಿಂಗನ್ನೂ ತಾಮ್ರದ ಗೆರೆಗಳನ್ನೂ ತಿನ್ನುತ್ತದೆ. ಅಡಾಪ್ಟರಿನ ಪಿನ್ನನ್ನು ಸೇರಿಸಿ ಎಳೆದಾಡಿದ್ದರಿಂದ ಒಳಗಿನ ಬೆಸುಗೆ ಬಿಡುತ್ತದೆ. ಧ್ವನಿಯ ಗುಂಡಿಯೊಳಗೆ ಧೂಳು ಕೂತರೆ ತಿರುಗಿಸಿದಾಗಲೆಲ್ಲ ಕರಕರ ಸದ್ದು ಬರುತ್ತದೆ. ಕೀಬೋರ್ಡಿನ ಮನೆಗಳ ಕೆಳಗಿರುವ ರಬ್ಬರಿನ ಕರಿ ತುದಿಗಳು ಸವೆದರೆ ಕೆಲವು ಸ್ವರಗಳು ಮಾತ್ರ ಹೊರಡುವುದಿಲ್ಲ.

ಇನ್ನು ಕೆಲವು ಕೇಡುಗಳನ್ನು ತಂದುಕೊಳ್ಳುವುದು ಬಳಸುವವರೇ. ಕ್ಯಾಸಿಯೋದ ಹಳೆಯ ಅನೇಕ ಕೀಬೋರ್ಡುಗಳಿಗೆ 9 ವೋಲ್ಟ್ ಬೇಕು, ಪಿನ್ನಿನ ನಡುಭಾಗ ಋಣ. ಯಮಹಾದ ಅನೇಕ ಮಾದರಿಗಳಿಗೆ 12 ವೋಲ್ಟ್ ಬೇಕು, ನಡುಭಾಗ ಧನ. ಪಿನ್ನು ಹೊಂದಿತೆಂದು ಒಂದರ ಅಡಾಪ್ಟರನ್ನು ಇನ್ನೊಂದಕ್ಕೆ ಚುಚ್ಚಿದರೆ ಒಳಗಿನ ಭಾಗ ಸುಡಬಹುದು. ಫ್ಯೂಸ್ ಹೋದೆಡೆ ದಪ್ಪ ತಂತಿ ಕಟ್ಟುವುದು, 8 ಓಮಿನ ಒಂದೇ ಸ್ಪೀಕರಿಗಾಗಿ ಮಾಡಿದ ಆಂಪ್ಲಿಫೈಯರಿಗೆ ಅಂಥವೇ ಎರಡನ್ನು ಜೋಡಿಸಿ ಹೊರೆಯನ್ನು 4 ಓಮಿಗೆ ಇಳಿಸುವುದು, ಇವೂ ಅದೇ ಜಾತಿಯ ಅಪಾಯಗಳು.

ನಾವು ಬಲ್ಲ ಒಂದು ಭಜನಾ ಮೇಳದವರು ಕೀಬೋರ್ಡನ್ನು ಪಟ್ಟಣದ ಅಂಗಡಿಯೊಂದಕ್ಕೆ ಕೊಟ್ಟು ಎರಡು ತಿಂಗಳು ಅಲೆದರು. ಕಡೆಗೆ ಸಿಕ್ಕ ಉತ್ತರ, "ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ" ಎಂದು. ನಿರಾಶರಾಗಿ ಮರಳಿ ತಂದಾಗ, ರೇಡಿಯೋ ದುರಸ್ತಿಯಲ್ಲಿ ಕೈ ಪಳಗಿದ್ದ ಊರಿನ ಹಿರಿಯರೊಬ್ಬರು ಅದನ್ನು ಬಿಚ್ಚಿ ನೋಡಿದರು. ಅಡಾಪ್ಟರ್ ಸೇರುವ ಕಡೆಯ ಬೆಸುಗೆ ಬಿರುಕುಬಿಟ್ಟಿತ್ತು, ಅಷ್ಟೆ. ಅರ್ಧ ಗಂಟೆಯಲ್ಲಿ ಕೀಬೋರ್ಡ್ ಹಾಡಿತು. ಆದರೆ ಆ ವರ್ಷದ ಶ್ರಾವಣ ಕಳೆದುಹೋಗಿತ್ತು.

ಯಾರನ್ನು ಕೇಳಬೇಕು?

ಮೊದಲು ವಾದ್ಯವನ್ನೇ ದುಡಿಸಿ ಬದುಕುವವರನ್ನು ಕೇಳಬೇಕು. ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವವರು, ಆರ್ಕೆಸ್ಟ್ರಾದ ವಾದಕರು, ಸಂಗೀತ ಶಾಲೆಗಳ ಗುರುಗಳು ಕೆಟ್ಟ ಕೆಲಸಗಾರನ ಬಳಿಗೆ ಎರಡನೆಯ ಸಲ ಹೋಗುವುದಿಲ್ಲ. ಏಕೆಂದರೆ ಒಂದು ದಿನ ವಾದ್ಯ ನಿಂತರೆ ಅವರ ಒಂದು ದಿನದ ದುಡಿಮೆಯೇ ನಿಲ್ಲುತ್ತದೆ. ಅವರ ಮಾತು ಫಲಕಗಳ ಮೇಲಿನ ಹೊಗಳಿಕೆಗಿಂತ ಹೆಚ್ಚು ತೂಕದ್ದು.

ಖಾತರಿಯ ಅವಧಿ ಮುಗಿಯದಿದ್ದರೆ ಕಂಪನಿಯ ಅಧಿಕೃತ ಸೇವಾಕೇಂದ್ರಕ್ಕೇ ಕೊಡುವುದು ಲೇಸು. ಹೊರಗೆ ಬಿಚ್ಚಿಸಿದರೆ ಖಾತರಿ ತಪ್ಪಬಹುದು. ಅವಧಿ ಮುಗಿದ ಮೇಲೆ ಬೆಸುಗೆ, ಗುಂಡಿ, ಫ್ಯೂಸ್, ಕೆಪಾಸಿಟರುಗಳ ಕೆಲಸಕ್ಕೆ ಊರಿನ ಕುಶಲ ಕೆಲಸಗಾರನೇ ಸಾಕು. ಈ ಸಾಮಾನ್ಯ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸುಲಭವಾಗಿ ಸಿಗುತ್ತವೆ. ಕಂಪನಿಯು ತನ್ನ ಮಾದರಿಗೆಂದೇ ಮಾಡಿದ ಚಿಪ್ ಕೆಟ್ಟಿದ್ದರೆ ಮಾತ್ರ ಕಂಪನಿಯನ್ನೇ ಆಶ್ರಯಿಸಬೇಕು.

ನಂಬಿಕೆಯ ಒರೆಗಲ್ಲು

ಒಳ್ಳೆಯ ಕೆಲಸಗಾರನು ಒಳ್ಳೆಯ ವೈದ್ಯನಂತೆ ಮೊದಲು ವಿಚಾರಿಸುತ್ತಾನೆ: ಯಾವಾಗ ನಿಂತಿತು, ಯಾವ ಅಡಾಪ್ಟರ್ ಹಾಕಿದ್ದಿರಿ, ನೀರು ಬಿದ್ದಿತ್ತೆ? ಅಳೆದು ನೋಡದೆ "ಬೋರ್ಡ್ ಹೋಗಿದೆ" ಎನ್ನುವುದಿಲ್ಲ. ತಪಾಸಣೆಯ ಶುಲ್ಕವನ್ನೂ ಅಂದಾಜು ವೆಚ್ಚವನ್ನೂ ಮೊದಲೇ ಹೇಳುತ್ತಾನೆ. ಅದು ಮೀರುವಂತಿದ್ದರೆ ಕೇಳಿಯೇ ಮುಂದುವರಿಯುತ್ತಾನೆ. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡುತ್ತಾನೆ. ಸಡಿಲ ಬೆಸುಗೆಯ ದೋಷ ಕೆಲವೊಮ್ಮೆ ಕಾವೇರಿದ ಮೇಲಷ್ಟೇ ತೋರುವುದರಿಂದ, ಒಂದು ಗಂಟೆ ನುಡಿಸಿ ನೋಡಿಯೇ ಒಪ್ಪಿಸುತ್ತಾನೆ.

ನಾವೂ ಎಚ್ಚರದಿಂದಿರಬೇಕು. ವಾದ್ಯವನ್ನು ಕೊಡುವಾಗ ಮಾದರಿ, ಕ್ರಮಸಂಖ್ಯೆ, ದೋಷ, ಜೊತೆಗಿತ್ತ ಸಾಮಾನು, ಮರಳಿಸುವ ದಿನ ಇವನ್ನೆಲ್ಲ ಬರೆಸಿದ ರಸೀದಿ ಪಡೆಯಬೇಕು. ಹಣ ಕೊಟ್ಟು ಮಾಡಿಸುವ ದುರಸ್ತಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯೇ. ಲೋಪವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರಸೀದಿಯಿಲ್ಲದೆ ಮಾತ್ರ ಈ ಹಾದಿ ಕಠಿಣ.

ಇನ್ನೊಂದು ಮಗ್ಗುಲು

ಕೆಲಸಗಾರನ ಅಳಲನ್ನೂ ಕೇಳಬೇಕು. ದುರಸ್ತಿಗೆ ಕೊಟ್ಟವರು ತಿಂಗಳುಗಟ್ಟಲೆ ಬರುವುದಿಲ್ಲ, ಬಂದವರು "ಒಂದು ಬೆಸುಗೆಗೆ ಇಷ್ಟೇಕೆ?" ಎಂದು ಚೌಕಾಸಿ ಮಾಡುತ್ತಾರೆ. ಬೆಸುಗೆಯ ಬೆಲೆ ಅಲ್ಪವಿರಬಹುದು, ಎಲ್ಲಿ ಬೆಸೆಯಬೇಕೆಂದು ಕಂಡುಹಿಡಿದ ವಿದ್ಯೆ ಅಲ್ಪವಲ್ಲ. ಕಾಯಕವನ್ನು ಮೇಲೆಂದು ಸಾರಿದ ಶರಣರ ವಾರಸುದಾರರಾದ ನಾವು ಆ ವಿದ್ಯೆಗೆ ತಕ್ಕ ಕೂಲಿಯನ್ನು ಸಂತೋಷದಿಂದ ಕೊಡಬೇಡವೆ? ಅಗ್ಗಕ್ಕೆ ಆಸೆಪಟ್ಟು ಕೆಟ್ಟದ್ದನ್ನೆಲ್ಲ ಬಿಸಾಡಿ ಹೊಸದು ಕೊಳ್ಳುತ್ತ ಹೋದರೆ ಅಂಗಡಿಗಳು ಉಳಿದಾವು, ಕೈಬಲ್ಲವರು ಉಳಿಯರು.

ಐ.ಟಿ.ಐ.ಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎಂಬ ಎರಡು ವರ್ಷಗಳ ಶಿಕ್ಷಣವಿದೆ. ಊರಿಗೊಬ್ಬ ತರುಣನಾದರೂ ಅದನ್ನು ಕಲಿತು, ಹಿರಿಯ ಕೆಲಸಗಾರರೊಬ್ಬರ ಕೈಕೆಳಗೆ ಕೆಲಕಾಲ ದುಡಿದರೆ ಸುತ್ತಣ ಹತ್ತು ಮೇಳಗಳಿಗೆ ಆಸರೆಯಾದಾನು. ಭಜನಾ ಮೇಳಗಳು ವರ್ಷಕ್ಕೊಮ್ಮೆ, ಶ್ರಾವಣಕ್ಕೆ ತಿಂಗಳ ಮುಂಚೆಯೇ, ತಮ್ಮ ವಾದ್ಯಗಳನ್ನು ಅಂಥವರಿಗೆ ತೋರಿಸುವ ಪದ್ಧತಿ ಇಟ್ಟುಕೊಳ್ಳಲಿ. ಕೆಟ್ಟ ಮೇಲೆ ಹುಡುಕುವವರಿಗೆ ಸಿಕ್ಕವರೇ ಗತಿ. ಕೆಡುವ ಮುನ್ನ ಪರಿಚಯ ಮಾಡಿಕೊಂಡವರಿಗೆ ನಂಬುವಂಥವರು ದೊರೆಯುತ್ತಾರೆ.