ತಕ್ಕ ಕವಲಿನಲ್ಲಿ ನಿಲ್ಲುವ ಕಣ

ಯಕೃತ್ತಿಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ, ಉಳಿದದ್ದು ಅಪಧಮನಿಯಲ್ಲಿ. ಅಲ್ಲೇ ಹುಟ್ಟಿ ಬೆಳೆಯುವ ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯನ್ನೇ ನೆಚ್ಚಿರುತ್ತದೆ. ಗಡ್ಡೆಗೆ ಹೋಗುವ ಅದರ ಕವಲನ್ನು ಮುಚ್ಚಿದರೆ ಗಡ್ಡೆ ಸೊರಗುತ್ತದೆ, ಯಕೃತ್ತು ಉಳಿಯುತ್ತದೆ. ಒಸಾಕಾದ ವೈದ್ಯ ರ್‍ಯೂಸಾಕು ಯಮಾಡಾ 1970ರ ದಶಕದ ಕೊನೆಯಲ್ಲಿ ಜೆಲಟಿನ್ ಸ್ಪಂಜಿನ ಚೂರುಗಳಿಂದ ಈ ಚಿಕಿತ್ಸೆಗೆ ದಾರಿ ತೆರೆದರು. ಆಯ್ದ ರೋಗಿಗಳ ಆಯುಷ್ಯ ಇದರಿಂದ ಹೆಚ್ಚುತ್ತದೆಂದು 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಅಧ್ಯಯನಗಳು ತೋರಿಸಿದವು.

ಮುಚ್ಚುವುದೇನೋ ಸರಿ, ಎಲ್ಲಿ ಮುಚ್ಚಬೇಕು? ನಾಳ ಮುಚ್ಚುವ ಹೊಸ ಕಣವೊಂದನ್ನು ಪರೀಕ್ಷಿಸುವವರ ಕಸುಬೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಹಳೆಯ ಪಾಲಿವಿನೈಲ್ ಆಲ್ಕೊಹಾಲ್ ಕಣಗಳು ಅಂಕುಡೊಂಕು. ಒಂದಕ್ಕೊಂದು ಅಂಟಿಕೊಂಡು, ಅಳತೆಗಿಂತ ದೊಡ್ಡ ನಾಳದಲ್ಲೇ ಗುಂಪುಗೂಡಿ ನಿಂತುಬಿಡುತ್ತಿದ್ದವು. 1990ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಲೋರಾಂ ಮತ್ತು ಸಂಗಡಿಗರು ಜೆಲಟಿನ್ ಸೇರಿಸಿದ ನುಣುಪಾದ ಗುಂಡುಗಳನ್ನು ರೂಪಿಸಿದರು. ಅವು ತಮ್ಮ ಗಾತ್ರಕ್ಕೆ ತಕ್ಕ ನಾಳದವರೆಗೂ ಸಾಗಿದವು. ಈ ಕಸುಬಿನಲ್ಲಿ ಇಷ್ಟು ದೊಡ್ಡ ತಿರುವು ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಮೊದಲ ಪರೀಕ್ಷೆ ಮೇಜಿನ ಮೇಲೆ. ಜರಡಿ ಹಿಡಿದು 100ರಿಂದ 300 ಮೈಕ್ರಾನ್‌ನಂಥ ಗಾತ್ರಗಳನ್ನು ಬೇರ್ಪಡಿಸುತ್ತಾರೆ. ಅರ್ಧ ಮಿಲಿಮೀಟರ್ ಒಳವ್ಯಾಸದ ಕ್ಯಾಥೆಟರ್ ಕೊಳವೆಯಲ್ಲಿ ಸಿರಿಂಜಿನಿಂದ ತಳ್ಳಿ ನೋಡುತ್ತಾರೆ: ಕಟ್ಟಿಕೊಳ್ಳುತ್ತದೆಯೇ, ಒಡೆಯುತ್ತದೆಯೇ, ಅಮುಕಿದರೂ ಮತ್ತೆ ದುಂಡಗಾಗುತ್ತದೆಯೇ? ಆಮೇಲೆ ಪ್ರಾಣಿಗಳ ಸರದಿ. ಮೊಲದ ಯಕೃತ್ತಿನಲ್ಲಿ ಬೆಳೆಸುವ ವಿಎಕ್ಸ್2 ಗಡ್ಡೆಯೂ ಅಪಧಮನಿಯ ರಕ್ತದಿಂದಲೇ ಬದುಕುವಂಥದ್ದು. ನಾಳಗಳ ಪರೀಕ್ಷೆಗೆ ಹಂದಿಯೂ ಬೇಕು. ಎಕ್ಸ್‌ರೇಯಲ್ಲಿ ಹರಿವು ನಿಂತಂತೆ ಕಂಡರೆ ಸಾಲದು. ವಾರಗಳ ನಂತರ ಅಂಗಾಂಶದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗಲೇ ಕಣ ನಿಂತದ್ದೆಲ್ಲಿ, ನಾಳದ ಗೋಡೆ ಉರಿಯೂತಗೊಂಡಿದೆಯೇ, ರಕ್ತ ಮತ್ತೆ ದಾರಿ ಮಾಡಿಕೊಂಡಿದೆಯೇ ಎಂಬುದು ತಿಳಿಯುವುದು.

ನಮ್ಮ ನೆರೆಯಲ್ಲೂ ಈ ಕೆಲಸ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವಿಜ್ಞಾನಿಗಳು 1990ರ ಸುಮಾರಿಗೆ, ಮೃದು ಕಾಂಟ್ಯಾಕ್ಟ್ ಲೆನ್ಸಿಗೆ ಬಳಸುವ ಪಾಲಿಮರಿನಿಂದ ಗುಂಡುಗಳನ್ನು ಮಾಡಿ, ಅಯೋಡಿನ್ ಸಂಯುಕ್ತ ಸೇರಿಸಿ ಎಕ್ಸ್‌ರೇಗೆ ಕಾಣುವಂತೆ ಮಾಡಿದರು. ಕಣವೇ ಕಂಡರೆ ಅದು ಹೋದ ಜಾಗವನ್ನು ಊಹಿಸಬೇಕಿಲ್ಲ. ಕಣ ದಾರಿ ತಪ್ಪಿ ಪಿತ್ತಕೋಶಕ್ಕೋ ಜಠರಕ್ಕೋ ಹೋದರೆ ಅಲ್ಲಿ ಗಾಯವಾಗುತ್ತದೆ. ತೀರಾ ಸಣ್ಣದಾದರೆ ಗಡ್ಡೆಯೊಳಗಿನ ಅಡ್ಡದಾರಿ ಹಿಡಿದು ಶ್ವಾಸಕೋಶ ಸೇರಬಹುದು.

ಪ್ರಾಣಿಗಳ ಪರೀಕ್ಷೆಗೂ ಮಿತಿಯುಂಟು. ಮೊಲದ ಯಕೃತ್ತು ಗಡ್ಡೆಯೊಂದನ್ನು ಬಿಟ್ಟರೆ ಆರೋಗ್ಯವಾಗಿರುತ್ತದೆ. ರೋಗಿಯದು ಬಹಳ ಸಲ ಸಿರೋಸಿಸ್‌ನಿಂದ ಮೊದಲೇ ಗಟ್ಟಿಯಾಗಿ, ದುರ್ಬಲವಾಗಿರುತ್ತದೆ. ಎಷ್ಟು ಮುಚ್ಚಿದರೆ ಅದು ತಾಳಿಕೊಂಡೀತು ಎಂಬುದನ್ನು ಮೊಲ ಹೇಳಲಾರದು. ಆ ಲೆಕ್ಕವನ್ನು ವೈದ್ಯರು ರೋಗಿಗಳ ಮೇಲಿನ ಪ್ರಯೋಗದಲ್ಲಿ, ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್ ಮಟ್ಟವನ್ನು ಪ್ರತಿಯೊಬ್ಬರಲ್ಲೂ ನೋಡಿಕೊಂಡು, ಎಚ್ಚರದಿಂದ ಹಾಕಬೇಕಾಗುತ್ತದೆ.